ಭತ್ತದ ಗದ್ದೆಗೆ ಬೆಳೆ ವಿಮೆ: ಯಾದಗಿರಿಯ ಸಣ್ಣ ರೈತರು ನಾಟಿಯಿಂದ ಕೊಯ್ಲಿನವರೆಗೆ ಮಾಡಬೇಕಾದದ್ದೇನು

ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಹುಣಸಗಿ, ಸುರಪುರ, ಶಹಾಪುರ ಮತ್ತು ವಡಗೇರಾ ತಾಲ್ಲೂಕುಗಳಲ್ಲಿ ಸಸಿ ಮಡಿ, ಟ್ರ್ಯಾಕ್ಟರ್, ನಾಟಿ ಆಳುಗಳ ಓಡಾಟ ಶುರುವಾಗುತ್ತದೆ. ಬೆಳೆ ವಿಮೆಯ ಕೊನೆಯ ದಿನಾಂಕ ಹತ್ತಿರವಾಗುವುದೂ ಅದೇ ಗಡಿಬಿಡಿಯ ವಾರಗಳಲ್ಲಿ. ಗೊಬ್ಬರದ ಅಂಗಡಿಯಲ್ಲಿ ಅರ್ಧ ದಿನ ಸಾಲಿನಲ್ಲಿ ನಿಲ್ಲುವ ರೈತನಿಗೆ ಇನ್ನೊಂದು ಅರ್ಧ ದಿನವನ್ನು ವಿಮೆಗೆ ಕೊಡುವುದು ದಂಡವೆನಿಸುತ್ತದೆ. ಕಟ್ಟಿದವರಲ್ಲಿಯೂ ಹಲವರಿಗೆ ನಷ್ಟವಾದ ವರ್ಷ ಹಣ ಬಾರದೆ, ‘ವಿಮೆ ಎಂದರೆ ಕಂಪನಿಯವರ ಹೊಟ್ಟೆ ತುಂಬಿಸುವುದು’ ಎಂಬ ಮಾತು ಊರಲ್ಲಿ ಉಳಿದುಕೊಂಡಿದೆ. ಆ ಸಿಟ್ಟಿನಲ್ಲಿ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಹಣ ಬಾರದಿರುವುದಕ್ಕೆ ಕಾರಣ ಎಷ್ಟೋ ಸಲ ಗದ್ದೆಯಲ್ಲಿರುವುದಿಲ್ಲ, ದಾಖಲೆಯಲ್ಲಿರುತ್ತದೆ. ಪಹಣಿ, ವಿಮೆ ಅರ್ಜಿ ಮತ್ತು ಬೆಳೆ ಸಮೀಕ್ಷೆ ಎಂಬ ಮೂರು ಕಡೆ ಒಂದೇ ರೈತನ, ಒಂದೇ ಸರ್ವೆ ನಂಬರಿನ, ಒಂದೇ ಬೆಳೆಯ ಹೆಸರು ಇರಬೇಕು. ಈ ಲೇಖನದ ಬಹುಪಾಲು ಮಾತು ಆ ಮೂರನ್ನು ಹೊಂದಿಸುವುದರ ಬಗ್ಗೆಯೇ ಇದೆ.

ನಮ್ಮ ಕಡೆ ಭತ್ತಕ್ಕೆ ಅಪಾಯ ಎರಡು ದಿಕ್ಕಿನಿಂದ ಬರುತ್ತದೆ. ಮೇಲಿನ ಜಲಾಶಯಗಳಿಂದ ಒಮ್ಮೆಲೇ ನೀರು ಬಿಟ್ಟಾಗ ಕೃಷ್ಣೆ ಮತ್ತು ಭೀಮೆ ದಡದ ಗದ್ದೆಗಳು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆಯಿಂದ, 2020ರ ಅಕ್ಟೋಬರ್ ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಭೀಮೆಯಿಂದ ಆದದ್ದು ಇದೇ. ಎರಡು ನದಿಗಳ ನಡುವಿರುವ ವಡಗೇರಾ ತಾಲ್ಲೂಕಿಗಂತೂ ಎರಡೂ ಕಡೆಯಿಂದ ಭಯ. ಇನ್ನೊಂದು ದಿಕ್ಕಿನಲ್ಲಿ, 2023ರಂತಹ ಬರದ ವರ್ಷ ಬಂದಾಗ ಕಾಲುವೆಯ ಕೊನೆ ಭಾಗದ ರೈತರು ತೆನೆ ಬಿಡುವ ಹೊತ್ತಿಗೆ ನೀರಿಗಾಗಿ ಕಾಯುತ್ತಾ ಕೂರುತ್ತಾರೆ. ಈ ಎರಡೂ ಬಗೆಯ ನಷ್ಟಕ್ಕೆ ಇರುವ ವಿಮೆ ಒಂದೇ: 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ. ಕರ್ನಾಟಕದಲ್ಲಿ ಇದಕ್ಕೆ ‘ಕರ್ನಾಟಕ ರೈತ ಸುರಕ್ಷಾ’ ಎಂಬ ಹೆಸರು ಮುಂದೆ ಸೇರಿದೆ.

ಮೊದಲು ತಿಳಿಯಬೇಕಾದದ್ದು: ಇದು ನಿಮ್ಮ ಗದ್ದೆಯ ವಿಮೆಯಲ್ಲ, ಪಂಚಾಯಿತಿಯ ವಿಮೆ

ಮೋಟಾರ್ ಸೈಕಲ್ಲಿನ ವಿಮೆಯಂತೆ ಇದನ್ನು ಭಾವಿಸಿದವರಿಗೆ ನಿರಾಶೆ ಖಚಿತ. ಈ ಯೋಜನೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ಒಂದು ಘಟಕ. ಬೆಳೆಯ ವಿಸ್ತೀರ್ಣ ಕಡಿಮೆ ಇರುವಲ್ಲಿ ಹೋಬಳಿ ಘಟಕವಾಗುತ್ತದೆ. ಇಡೀ ಪಂಚಾಯಿತಿಯ ಭತ್ತದ ಸರಾಸರಿ ಇಳುವರಿ ನಿಗದಿತ ಮಟ್ಟಕ್ಕಿಂತ ಕೆಳಗೆ ಇಳಿದರೆ ಅಲ್ಲಿ ಭತ್ತಕ್ಕೆ ವಿಮೆ ಕಟ್ಟಿದ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹಣ ಬರುತ್ತದೆ. ಇಳಿಯದಿದ್ದರೆ ನಿಮ್ಮೊಬ್ಬರ ಗದ್ದೆ ಪೂರ್ತಿ ಹೋಗಿದ್ದರೂ ಆ ಲೆಕ್ಕದಲ್ಲಿ ಏನೂ ಬರುವುದಿಲ್ಲ.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಕಳೆದ 7 ವರ್ಷಗಳ ಇಳುವರಿಯಲ್ಲಿ ಅತ್ಯುತ್ತಮ 5 ವರ್ಷಗಳದ್ದನ್ನು ತೆಗೆದುಕೊಂಡು ಸರಾಸರಿ ಮಾಡುತ್ತಾರೆ. ಅದನ್ನು ಶೇ. 70, 80 ಅಥವಾ 90 ಎಂಬ ನಷ್ಟಭರ್ತಿ ಮಟ್ಟದಿಂದ ಗುಣಿಸಿದಾಗ ‘ಹೊಸ್ತಿಲು ಇಳುವರಿ’ ಸಿಗುತ್ತದೆ. ಯಾವ ಮಟ್ಟ ಎಂಬುದನ್ನು ರಾಜ್ಯದ ಅಧಿಸೂಚನೆ ಹೇಳುತ್ತದೆ. ಉದಾಹರಣೆಗೆಂದು ಒಂದು ಪಂಚಾಯಿತಿಯಲ್ಲಿ ಹೆಕ್ಟೇರಿಗೆ ಕ್ವಿಂಟಲ್ ಲೆಕ್ಕದಲ್ಲಿ ಏಳು ವರ್ಷಗಳ ಇಳುವರಿ 52, 50, 48, 46, 44, 38 ಮತ್ತು 30 ಎಂದಿಟ್ಟುಕೊಳ್ಳೋಣ. ಮೊದಲ ಐದರ ಸರಾಸರಿ 48. ಮಟ್ಟ ಶೇ. 80 ಆಗಿದ್ದರೆ ಹೊಸ್ತಿಲು 38.4 ಕ್ವಿಂಟಲ್. ನಮ್ಮ ರೂಢಿಯ 75 ಕಿಲೋ ಚೀಲದ ಲೆಕ್ಕಕ್ಕೆ ತಂದರೆ, ಎಕರೆಗೆ ಸುಮಾರು 26 ಚೀಲ ಬೆಳೆಯುವ ಊರಿನಲ್ಲಿ ಸರಾಸರಿ ಸುಮಾರು 21 ಚೀಲಕ್ಕಿಂತ ಕೆಳಗೆ ಹೋಗುವವರೆಗೂ ವಿಮೆ ಅಲುಗಾಡುವುದಿಲ್ಲ. ಆ ವರ್ಷದ ಇಳುವರಿ 28.8 ಕ್ವಿಂಟಲ್ ಬಂತೆನ್ನಿ: ಕೊರತೆ 9.6, ಅಂದರೆ ಹೊಸ್ತಿಲಿನ ಶೇ. 25. ವಿಮಾ ಮೊತ್ತ ಹೆಕ್ಟೇರಿಗೆ 90,000 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ ಹೆಕ್ಟೇರಿಗೆ 22,500 ರೂಪಾಯಿ ಬರುತ್ತದೆ. ಎರಡು ಎಕರೆಯವನಿಗೆ ಸುಮಾರು 18,200. ಇಳುವರಿ 39 ಕ್ವಿಂಟಲ್ ಬಂದಿದ್ದರೆ ಸೊನ್ನೆ. ಊರಿನ ಅರ್ಧ ರೈತರು ಅಳುತ್ತಿರುವಾಗಲೂ ‘ಪಂಚಾಯಿತಿಗೆ ನಷ್ಟವಿಲ್ಲ’ ಎಂಬ ಉತ್ತರ ಬರುವುದು ಹೀಗೆ.

ಇದೇ ಎರಡು ಎಕರೆಗೆ ರೈತ ಕಟ್ಟುವ ಕಂತು ಎಷ್ಟು? ಮುಂಗಾರು ಭತ್ತಕ್ಕೆ ವಿಮಾ ಮೊತ್ತದ ಶೇ. 2, ಹಿಂಗಾರು ಮತ್ತು ಬೇಸಿಗೆಯ ಭತ್ತಕ್ಕೆ ಶೇ. 1.5. ಮೇಲಿನ ಉದಾಹರಣೆಯಲ್ಲಿ ಹೆಕ್ಟೇರಿಗೆ 1,800, ಎರಡು ಎಕರೆಗೆ ಸುಮಾರು 1,457 ರೂಪಾಯಿ. ಕಂಪನಿ ಕೇಳುವ ನಿಜವಾದ ಕಂತು ಇದಕ್ಕಿಂತ ಹೆಚ್ಚಿರುತ್ತದೆ; ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಂಚಿಕೊಂಡು ಭರಿಸುತ್ತವೆ. ಹೊಳೆ ದಡದ ಅಥವಾ ಕಾಲುವೆಯ ಕೊನೆಯ ಗದ್ದೆಯವರಿಗೆ ಈ ಬೆಲೆಗೆ ವಿಮೆ ತೆಗೆದುಕೊಳ್ಳದೆ ಇರುವುದು ನನ್ನ ಮಟ್ಟಿಗೆ ತಪ್ಪು ಲೆಕ್ಕ. ಕಾಲುವೆಯ ಮೇಲ್ಭಾಗದಲ್ಲಿ, ಎತ್ತರದ ಜಮೀನಿನಲ್ಲಿ, ಪ್ರತಿವರ್ಷ ಒಂದೇ ಸಮನೆ ಬೆಳೆಯುವವರು ಬೇಡವೆಂದರೆ ಅವರನ್ನು ದೂರಲಾರೆ.

ಪಂಚಾಯಿತಿಯ ಲೆಕ್ಕಕ್ಕೆ ಹೊರತಾಗಿ, ಒಬ್ಬ ರೈತನ ಗದ್ದೆಯನ್ನೇ ನೋಡಿ ಹಣ ಕೊಡುವ ಬಾಗಿಲುಗಳು ಎರಡೇ ಇವೆ. ಒಂದು ಸ್ಥಳೀಯ ವಿಕೋಪ, ಇನ್ನೊಂದು ಕೊಯ್ಲಿನ ನಂತರದ ನಷ್ಟ. ಅವೆರಡನ್ನೂ ಮುಂದೆ ಅವುಗಳ ಜಾಗದಲ್ಲಿ ನೋಡೋಣ. ಪಂಚಾಯಿತಿಯ ಶೇ. 75ಕ್ಕಿಂತ ಹೆಚ್ಚು ಜಾಗದಲ್ಲಿ ಬಿತ್ತನೆಯೇ ಆಗದಿದ್ದರೆ ವಿಮಾ ಮೊತ್ತದ ಶೇ. 25 ಕೊಟ್ಟು ಆ ಹಂಗಾಮಿನ ವಿಮೆಯನ್ನು ಮುಗಿಸುವ ಅವಕಾಶವಿದೆ. ಹಂಗಾಮಿನ ನಡುವೆ ಇಳುವರಿ ಹೊಸ್ತಿಲಿನ ಅರ್ಧಕ್ಕಿಂತ ಕೆಳಗೆ ಹೋಗುವುದು ಖಚಿತವಾದರೆ ಮುಂಗಡವಾಗಿ ಸ್ವಲ್ಪ ಹಣ ಕೊಡುವುದೂ ಉಂಟು. ಈ ಎರಡನ್ನೂ ಸರ್ಕಾರವೇ ಘೋಷಿಸಬೇಕು. ರೈತನು ಅರ್ಜಿ ಹಾಕುವ ಪ್ರಶ್ನೆ ಬರುವುದಿಲ್ಲ; ಆದರೆ ಘೋಷಣೆಗೆ ಮುಂಚೆಯೇ ವಿಮೆ ಕಟ್ಟಿರಬೇಕು.

ಹೆಜ್ಜೆ 1: ನೀರು ಬಿಡುವ ಮೊದಲೇ ಕಾಗದ ನೋಡಿಕೊಳ್ಳಿ

ಈ ಕೆಲಸವನ್ನು ಜೂನ್‌ನಲ್ಲಿ, ಕೈ ಬಿಡುವಿರುವಾಗ ಮಾಡಿ ಮುಗಿಸಬೇಕು. ಬೇಕಾಗುವುದು ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ರೈತರನ್ನು ನೋಂದಾಯಿಸುವ ರಾಜ್ಯದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಸಿಕ್ಕಿರುವ ರೈತರ ಗುರುತಿನ ಸಂಖ್ಯೆ, ಅಂದರೆ ಎಲ್ಲರೂ ಎಫ್‌ಐಡಿ ಎನ್ನುವುದು. ಎಫ್‌ಐಡಿ ಇದ್ದರೆ ಸಾಲದು, ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ತೆಗೆಸಿ ನೋಡಬೇಕು. ಮೊದಲ ಸಲ ನೋಂದಾಯಿಸುವಾಗ ಒಂದೇ ಸರ್ವೆ ನಂಬರು ಕೊಟ್ಟು, ಆಮೇಲೆ ಹಿಸ್ಸಾದಲ್ಲಿ ಬಂದ ಜಮೀನನ್ನು ಸೇರಿಸಲು ಮರೆತವರು ಹಲವರಿದ್ದಾರೆ.

ಪಹಣಿಯಲ್ಲಿ ‘ಮಲ್ಲಪ್ಪ ತಂದೆ ಭೀಮಪ್ಪ’ ಎಂದಿದ್ದು ಆಧಾರ್‌ನಲ್ಲಿ ‘ಮಲ್ಲಿಕಾರ್ಜುನ’ ಎಂದಿರುವುದು ನಮ್ಮ ಭಾಗದಲ್ಲಿ ಮನೆಮನೆಯ ಕಥೆ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಇದನ್ನು ಸರಿಪಡಿಸಲು ನಾಡಕಚೇರಿಗೆ ಒಂದೆರಡು ಸಲ ಓಡಾಡಬೇಕಾಗುತ್ತದೆ. ಆದ್ದರಿಂದಲೇ ಇದು ಆಗಸ್ಟ್‌ನ ಕೆಲಸವಲ್ಲ. ತಂದೆ ತೀರಿಕೊಂಡು ವರ್ಷಗಳಾದರೂ ಜಮೀನು ಅವರ ಹೆಸರಿನಲ್ಲೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಕೊಳ್ಳಬೇಕು. ತೀರಿಹೋದವರ ಹೆಸರಿನಲ್ಲಿ ವಿಮೆ ಇಳಿಸಲು ಬರುವುದಿಲ್ಲ, ಯಾರೋ ಹೇಗೋ ಇಳಿಸಿಕೊಟ್ಟರೂ ಹಣ ಬರುವಾಗ ನಿಂತುಹೋಗುತ್ತದೆ. ಅಣ್ಣತಮ್ಮಂದಿರ ಜಂಟಿ ಖಾತೆಯಾಗಿದ್ದರೆ ಯಾರ ಪಾಲು ಎಷ್ಟು ಎಂಬುದನ್ನು ಮನೆಯಲ್ಲಿ ಮೊದಲೇ ಕುಳಿತು ಮಾತಾಡಿ, ಉಳಿದವರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ.

ಬ್ಯಾಂಕ್ ಖಾತೆಯ ವಿಷಯದಲ್ಲಿ ಒಂದೇ ಪ್ರಶ್ನೆ ಕೇಳಬೇಕು: ‘ನನ್ನ ಆಧಾರ್ ಈ ಖಾತೆಗೆ ಹಣ ಬರುವಂತೆ ಜೋಡಣೆಯಾಗಿದೆಯೇ?’ ಆಧಾರ್ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟಿರುವುದು ಬೇರೆ, ಸರ್ಕಾರದ ನೇರ ಜಮೆಗೆ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿಯನ್ನು ನಡೆಸುವ ಸಂಸ್ಥೆ) ಜೋಡಣೆ ಆಗಿರುವುದು ಬೇರೆ.

ಪಾಲಿಗೋ ಲಾವಣಿಗೋ ಗದ್ದೆ ಹಿಡಿದು ನಾಟಿ ಮಾಡುವವರ ಸ್ಥಿತಿ ಕಠಿಣ. ಕೇಂದ್ರದ ಮಾರ್ಗಸೂಚಿ ಗೇಣಿ ಮತ್ತು ಪಾಲುದಾರ ರೈತರನ್ನೂ ವಿಮೆಗೆ ಅರ್ಹರೆನ್ನುತ್ತದೆ. ಆದರೆ ಕರ್ನಾಟಕದ ಭೂಸುಧಾರಣಾ ಕಾಯ್ದೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ಬಹುಪಾಲು ನಿಷೇಧಿಸಿರುವುದರಿಂದ ತೋರಿಸಲು ಕಾಗದವೇ ಇರುವುದಿಲ್ಲ. ಬಂಡವಾಳ, ದುಡಿಮೆ, ನಷ್ಟ ಎಲ್ಲವೂ ಉತ್ತವನದು, ವಿಮೆಯ ಹಣ ಮಾತ್ರ ಪಹಣಿದಾರನ ಖಾತೆಗೆ. ಸದ್ಯಕ್ಕೆ ಮಾಡಬಹುದಾದದ್ದೆಂದರೆ, ಜಮೀನು ಹಿಡಿಯುವ ದಿನವೇ ವಿಮೆ ಕಂತು ಯಾರು ಕಟ್ಟುವುದು, ಹಣ ಬಂದರೆ ಯಾರಿಗೆ ಸೇರುವುದು ಎಂಬುದನ್ನು ಊರಿನ ನಾಲ್ಕು ಜನರ ಮುಂದೆ ಸ್ಪಷ್ಟವಾಗಿ ಮಾತಾಡಿಕೊಳ್ಳುವುದು.

ಹೆಜ್ಜೆ 2: ಅರ್ಜಿ ಹಾಕುವಾಗ ಬೆಳೆಯ ಹೆಸರನ್ನು ನಿಮ್ಮ ಕಣ್ಣಿನಿಂದ ಓದಿ

ಬ್ಯಾಂಕಿನಲ್ಲಿ ಬೆಳೆ ಸಾಲ ಇರುವವರಿಗೂ ಇಲ್ಲದವರಿಗೂ ದಾರಿ ಬೇರೆ. ಸಾಲ ಇಲ್ಲದವರು ಬ್ಯಾಂಕ್ ಶಾಖೆ, ಸಾಮಾನ್ಯ ಸೇವಾ ಕೇಂದ್ರ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ರಾಜ್ಯದ ‘ಸಂರಕ್ಷಣೆ’ ಪೋರ್ಟಲ್ ಮೂಲಕ ಅರ್ಜಿ ಹಾಕಿಸಬೇಕು. ವಿಮಾ ಕಂತಿನ ಹೊರತು ಅರ್ಜಿಗೆಂದು ಬೇರೆ ಶುಲ್ಕ ಕೊಡಬೇಕಾಗಿಲ್ಲ.

ಸಾಲ ಇರುವವರ ಖಾತೆಯಿಂದ ಬ್ಯಾಂಕೇ ಕಂತನ್ನು ಕಡಿದುಕೊಳ್ಳುತ್ತದೆ. 2020ರ ಮುಂಗಾರಿನಿಂದ ಸಾಲಗಾರರಿಗೂ ಇದು ಐಚ್ಛಿಕವಾಗಿದೆ. ಬೇಡವಾದವರು ಕೊನೆಯ ದಿನಾಂಕಕ್ಕೆ ಕನಿಷ್ಠ 7 ದಿನ ಮೊದಲು ಬ್ಯಾಂಕಿಗೆ ಬರೆದುಕೊಡಬೇಕು. ಬರೆದುಕೊಡದಿದ್ದರೆ ಒಪ್ಪಿಗೆ ಎಂದೇ ಅರ್ಥ. ನಮ್ಮ ಭಾಗದ ಅತಿ ದೊಡ್ಡ ಎಡವಟ್ಟು ಹುಟ್ಟುವುದು ಇಲ್ಲಿಯೇ. ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದ್ದು ಕಡಿಮೆ ನೀರಿನ ಬೆಳೆಗಳಿಗಾಗಿ. ಭತ್ತ ಅದರ ಬೆಳೆ ಪದ್ಧತಿಯ ಉಲ್ಲಂಘನೆಯೆಂದೇ ಕಾಗದದಲ್ಲಿ ಲೆಕ್ಕ. ಹೀಗಾಗಿ ಎಷ್ಟೋ ವರ್ಷದ ಹಿಂದೆ ಹತ್ತಿಗೋ ತೊಗರಿಗೋ ಎಂದು ತೆಗೆದ ಸಾಲ ವರ್ಷವರ್ಷವೂ ಅದೇ ಹೆಸರಿನಲ್ಲಿ ನವೀಕರಣವಾಗುತ್ತಾ ಬರುತ್ತದೆ, ಗದ್ದೆಯಲ್ಲಿ ಮಾತ್ರ ಭತ್ತ ನಿಂತಿರುತ್ತದೆ. ಬ್ಯಾಂಕ್ ತನ್ನ ಕಡತದಲ್ಲಿರುವ ಬೆಳೆಗೆ ವಿಮೆ ಇಳಿಸುತ್ತದೆ. ನನ್ನ ಪರಿಚಯದ ರೈತರೊಬ್ಬರು ಮೂರು ವರ್ಷ ಹೀಗೆ ಹತ್ತಿಗೆ ಕಂತು ಕಟ್ಟಿದ್ದರು. ಗದ್ದೆ ಮುಳುಗಿದ ವರ್ಷ ಕೇಳಲು ಹೋದಾಗಲೇ ಅದು ಬೆಳಕಿಗೆ ಬಂತು.

ಇದನ್ನು ಮನೆಯಲ್ಲೇ ಕುಳಿತು ಅರ್ಧ ಪತ್ತೆ ಮಾಡಬಹುದು. ಹತ್ತಿಯಂತಹ ವಾಣಿಜ್ಯ ಬೆಳೆಗೆ ರೈತನ ಕಂತು ಶೇ. 5, ಭತ್ತಕ್ಕೆ ಶೇ. 2. ಪಾಸ್‌ಬುಕ್‌ನಲ್ಲಿ ಕಡಿತವಾದ ಮೊತ್ತ ಪಕ್ಕದ ಗದ್ದೆಯವರು ಭತ್ತಕ್ಕೆ ಕಟ್ಟಿದ್ದಕ್ಕಿಂತ ಎಕರೆ ಲೆಕ್ಕದಲ್ಲಿ ಬಹಳ ಹೆಚ್ಚಿದ್ದರೆ ಅನುಮಾನ ಪಡಿ. ಬೆಳೆ ಬದಲಾಗಿದ್ದರೆ ಕೊನೆಯ ದಿನಾಂಕಕ್ಕೆ ಕನಿಷ್ಠ ಎರಡು ದಿನ ಮೊದಲು, ಬಿತ್ತನೆಯ ಸ್ವಯಂ ದೃಢೀಕರಣದೊಂದಿಗೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ.

ಅರ್ಜಿ ಮುದ್ರಣವಾಗಿ ಕೈಗೆ ಬಂದಾಗ ಐದು ವಿವರಗಳನ್ನು ಓದಬೇಕು, ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಬೇಕು: ಸರ್ವೆ ನಂಬರು ಹಿಸ್ಸಾ ಸಮೇತ, ಗ್ರಾಮ ಪಂಚಾಯಿತಿಯ ಹೆಸರು, ಬೆಳೆ, ವಿಸ್ತೀರ್ಣ, ಖಾತೆ ಸಂಖ್ಯೆ. ಬೆಳೆಯ ಜಾಗದಲ್ಲಿ ಬರೀ ‘ಭತ್ತ’ ಎಂದಿರುವುದಿಲ್ಲ. ‘ಭತ್ತ (ನೀರಾವರಿ)’ ಮತ್ತು ‘ಭತ್ತ (ಮಳೆಯಾಶ್ರಿತ)’ ಎಂಬುವು ಯೋಜನೆಯಲ್ಲಿ ಎರಡು ಬೇರೆ ಬೆಳೆಗಳು, ಅವುಗಳ ವಿಮಾ ಮೊತ್ತವೂ ಹೊಸ್ತಿಲೂ ಬೇರೆ. ವಿಸ್ತೀರ್ಣ ಹೆಕ್ಟೇರಿನಲ್ಲಿರುತ್ತದೆ, ಹೆಕ್ಟೇರೆಂದರೆ 2 ಎಕರೆ 19 ಗುಂಟೆಯಷ್ಟು. ಎರಡು ಎಕರೆ ಇರುವವರ ಅರ್ಜಿಯಲ್ಲಿ ಸುಮಾರು 0.81 ಎಂದಿರಬೇಕು, 2 ಎಂದಿದ್ದರೆ ಹೆಚ್ಚು ಕಂತು ಕಟ್ಟಿದ್ದೀರಿ, ಹೆಚ್ಚು ಹಣವೇನೂ ಸಿಗುವುದಿಲ್ಲ.

ಕೊನೆಯ ದಿನಾಂಕ ಬೆಳೆಬೆಳೆಗೂ ಬೇರೆಯಾಗಿದ್ದು ಪ್ರತಿ ಹಂಗಾಮಿಗೂ ಹೊಸದಾಗಿ ಪ್ರಕಟವಾಗುತ್ತದೆ. ಹೋದ ವರ್ಷದ ದಿನಾಂಕವನ್ನು ನೆಚ್ಚದೆ ರೈತ ಸಂಪರ್ಕ ಕೇಂದ್ರದ ಫಲಕದಲ್ಲಿ ನೋಡಿ. ಕೊನೆಯ ಮೂರು ದಿನ ಸರ್ವರ್ ಕುಂಟುತ್ತದೆ ಎಂಬುದನ್ನು ಯಾರೂ ಫಲಕದಲ್ಲಿ ಬರೆದಿರುವುದಿಲ್ಲ.

ಹೆಜ್ಜೆ 3: ಬೆಳೆ ಸಮೀಕ್ಷೆಯಲ್ಲಿ ಭತ್ತ ಎಂದು ಬಂದಿದೆಯೇ?

ಕಂತು ಕಟ್ಟಿದ ಮೇಲೆ ಅರ್ಜಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆಯುವವರು ಈ ಹೆಜ್ಜೆಯಲ್ಲಿ ಸೋಲುತ್ತಾರೆ. ಪ್ರತಿ ಹಂಗಾಮಿನಲ್ಲಿ ಪ್ರತಿ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಎಂಬುದನ್ನು ಮೊಬೈಲ್ ಆ್ಯಪ್ ಮೂಲಕ ಚಿತ್ರ ತೆಗೆದು ದಾಖಲಿಸುವ ಕೆಲಸ ನಡೆಯುತ್ತದೆ. ರೈತರೇ ತಮ್ಮ ಬೆಳೆಯನ್ನು ದಾಖಲಿಸಬಹುದು, ಇಲ್ಲದಿದ್ದರೆ ಸಮೀಕ್ಷೆಗೆಂದು ನೇಮಿಸಿದ ಊರಿನವನು, ಅಂದರೆ ‘ಖಾಸಗಿ ನಿವಾಸಿ’, ಬಂದು ಮಾಡುತ್ತಾನೆ. ಈ ಮಾಹಿತಿಯೇ ಪಹಣಿಯ ಬೆಳೆ ಕಾಲಂಗೆ ಹೋಗುತ್ತದೆ, ವಿಮೆ ಅರ್ಜಿಯನ್ನು ತಾಳೆ ನೋಡುವುದೂ ಇದರೊಂದಿಗೇ. ಅರ್ಜಿಯಲ್ಲಿ ಭತ್ತ, ಸಮೀಕ್ಷೆಯಲ್ಲಿ ‘ಪಾಳು’ ಅಥವಾ ಹತ್ತಿ ಎಂದಿದ್ದರೆ ನಿಮ್ಮ ಪ್ರಸ್ತಾವ ತಿರಸ್ಕೃತವಾಗುವ ಪಟ್ಟಿಗೆ ಸೇರುತ್ತದೆ.

ತಪ್ಪು ಹೇಗೆ ಆಗುತ್ತದೆ ಎಂದರೆ, ಸಮೀಕ್ಷೆಗೆ ಬಂದವನು ರಸ್ತೆಯ ಬದಿಯಲ್ಲೇ ನಿಂತು ನಾಲ್ಕು ಹೊಲದ ಚಿತ್ರ ಹೊಡೆದುಕೊಂಡು ಹೋಗುತ್ತಾನೆ. ಕಾಲುವೆಯ ಕೊನೆಯಲ್ಲಿ ನೀರು ತಡವಾಗಿ ಬಂದು ನಾಟಿಯೂ ತಡವಾಗಿರುವ ಗದ್ದೆ ಆತ ಬಂದ ದಿನ ಖಾಲಿ ಕೆಸರು. ಆದ್ದರಿಂದ ನಾಟಿಯಾಗಿ ಸಸಿ ಹಿಡಿದ ಕೂಡಲೇ ನೀವೇ ಆ್ಯಪ್‌ನಲ್ಲಿ ದಾಖಲಿಸುವುದು ಉತ್ತಮ. ಅದಕ್ಕೆ ಗದ್ದೆಯ ಒಳಗೇ ನಿಲ್ಲಬೇಕು, ಮನೆಯಿಂದ ಆಗುವುದಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಒಂದು ಎಕರೆ ಭತ್ತ, ಅರ್ಧ ಎಕರೆ ಬೇರೆ ಬೆಳೆ ಇದ್ದರೆ ಎರಡನ್ನೂ ವಿಸ್ತೀರ್ಣ ಸಮೇತ ಬೇರೆ ಬೇರೆಯಾಗಿ ನಮೂದಿಸಬೇಕು. ಆಮೇಲೆ ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ದಾಖಲೆ ಏನಾಗಿದೆ ಎಂದು ನೋಡಿ. ತಪ್ಪಿದ್ದರೆ ಅದರಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು. ಜೊತೆಗೆ ಗ್ರಾಮ ಆಡಳಿತ ಅಧಿಕಾರಿಗೂ ಒಂದು ಬರಹದ ಅರ್ಜಿ ಕೊಟ್ಟಿಡಿ. ಸಮೀಕ್ಷೆಯ ಅವಧಿ ಮುಗಿದ ಮೇಲೆ ತಿದ್ದಿಸುವುದು ಬಲು ಕಷ್ಟ.

ಹೆಜ್ಜೆ 4: ಗದ್ದೆಗೆ ನೀರು ನುಗ್ಗಿದಾಗ ಮೊದಲ 72 ಗಂಟೆ

ಹಲವು ವರ್ಷ ಭತ್ತದವರಿಗೆ ಈ ಹೆಜ್ಜೆಯೇ ಇರಲಿಲ್ಲ. ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಸಿಡಿಲಿನ ಬೆಂಕಿ ಮತ್ತು ಮುಳುಗಡೆಯನ್ನು ಸ್ಥಳೀಯ ವಿಕೋಪವೆಂದು ಯೋಜನೆ ಗುರುತಿಸಿದ್ದರೂ, 2018ರಲ್ಲಿ ಮಾರ್ಗಸೂಚಿ ಬದಲಾದಾಗ ಭತ್ತ ನೀರಿನಲ್ಲೇ ಬೆಳೆಯುವ ಬೆಳೆ ಎಂಬ ಕಾರಣಕ್ಕೆ ಅದರ ಮುಳುಗಡೆಯನ್ನು ಈ ಪಟ್ಟಿಯಿಂದ ತೆಗೆದುಹಾಕಲಾಯಿತು. ಪಾದ ಮುಳುಗುವ ನೀರಿನಲ್ಲಿ ಬೆಳೆಯುವ ಪೈರು ಒಂದು ವಾರ ತಲೆ ಮುಳುಗಿ ನಿಂತರೆ ಕೊಳೆಯುತ್ತದೆ ಎಂಬುದು ಗದ್ದೆಗೆ ಇಳಿದ ಯಾರಿಗೂ ಗೊತ್ತಿರುವ ಸಂಗತಿ. ಆದರೂ ಭೀಮೆಯ ದಡದ ಭತ್ತದ ರೈತ 2020ರಲ್ಲಿಯೂ 2025ರಲ್ಲಿಯೂ ಒಂಟಿಯಾಗಿ ಈ ಬಾಗಿಲು ತಟ್ಟುವಂತಿರಲಿಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಭತ್ತದ ಮುಳುಗಡೆಯನ್ನು ಮತ್ತೆ ಸ್ಥಳೀಯ ವಿಕೋಪದಲ್ಲಿ ಸೇರಿಸುವುದಾಗಿಯೂ, ಕಾಡುಪ್ರಾಣಿಗಳಿಂದಾಗುವ ಹಾನಿಯನ್ನು ಹೊಸದಾಗಿ ಸೇರಿಸುವುದಾಗಿಯೂ ಪ್ರಕಟಿಸಿತು. ಇದು 2026ರ ಮುಂಗಾರಿನಿಂದ ಅನ್ವಯ. ಕಂತು ಕಟ್ಟುವ ಮೊದಲು ‘ನಮ್ಮ ಜಿಲ್ಲೆಯ ಅಧಿಸೂಚನೆಯಲ್ಲಿ ಭತ್ತದ ಮುಳುಗಡೆ ಇದೆಯೇ’ ಎಂದು ಕೃಷಿ ಅಧಿಕಾರಿಯನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಗಡುವು 72 ಗಂಟೆ, ಅದೂ ನಷ್ಟವಾದ ಹೊತ್ತಿನಿಂದ. ನೀರು ಇಳಿಯಲಿ ಎಂದು ಕಾದರೆ ಗಡುವು ದಾಟಿಹೋಗುತ್ತದೆ, ಏಕೆಂದರೆ ಹೊಳೆಯ ನೀರು ಮೂರು ದಿನಕ್ಕೆ ಇಳಿಯುವುದಿಲ್ಲ. ನೀರು ನಿಂತಿರುವಾಗಲೇ, ಹೋಗಬಹುದಾದಷ್ಟು ಹತ್ತಿರ ಹೋಗಿ, ‘ಕ್ರಾಪ್ ಇನ್ಶೂರೆನ್ಸ್’ ಆ್ಯಪ್‌ನಲ್ಲಿ ಸ್ಥಳದ ಗುರುತು ಬರುವಂತೆ ಚಿತ್ರ ತೆಗೆದು ಹಾನಿಯನ್ನು ವರದಿ ಮಾಡಬೇಕು. ಜೀವಕ್ಕೆ ಅಪಾಯವಿರುವ ಕಡೆ ಖಂಡಿತ ಇಳಿಯಬೇಡಿ. ಮೊಬೈಲಿನಲ್ಲಿ ಸ್ಥಳ ಸೇವೆ (ಲೊಕೇಶನ್) ಚಾಲೂ ಇರಲಿ, ಚಿತ್ರದಲ್ಲಿ ಗುಡಿಯೋ ವಿದ್ಯುತ್ ಕಂಬವೋ ಸೇತುವೆಯೋ ಗುರುತಿಗೆ ಸಿಗುವಂತಿದ್ದರೆ ಒಳ್ಳೆಯದು. ನೀರು ಇಳಿದ ಮೇಲೆ ಕೊಳೆತ ಪೈರಿನ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಆ್ಯಪ್ ಬಳಸಲು ಆಗದವರು 14447 ಸಹಾಯವಾಣಿಗೆ ಕರೆ ಮಾಡಿ, ದೂರು ಸಂಖ್ಯೆಯನ್ನು ಬರೆದುಕೊಳ್ಳಬೇಕು. ಬ್ಯಾಂಕಿಗೂ ಕೃಷಿ ಇಲಾಖೆಗೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬಹುದು. ವರದಿ ಮಾಡುವಾಗ ಕೇಳುವುದು ಸರ್ವೆ ನಂಬರು, ಬೆಳೆ, ಹಾನಿಯಾದ ವಿಸ್ತೀರ್ಣ ಮತ್ತು ವಿಮೆ ಅರ್ಜಿಯ ಸಂಖ್ಯೆ. ಆದ್ದರಿಂದ ಅರ್ಜಿಯ ಚಿತ್ರ ಮೊಬೈಲಿನಲ್ಲಿ ಮೊದಲೇ ಇರಲಿ. ಮನೆಗೇ ನೀರು ನುಗ್ಗಿದ ದಿನ ಪೆಟ್ಟಿಗೆ ಹುಡುಕಲು ಆಗುವುದಿಲ್ಲ.

ವರದಿ ಬಂದ 48 ಗಂಟೆಯೊಳಗೆ ವಿಮಾ ಕಂಪನಿ ನಷ್ಟ ಅಂದಾಜು ಮಾಡುವವರನ್ನು ನೇಮಿಸಬೇಕು, ಅಲ್ಲಿಂದ 10 ದಿನದೊಳಗೆ ಪರಿಶೀಲನೆ ಮುಗಿಯಬೇಕು ಎಂಬುದು ನಿಯಮ. ಬಂದಾಗ ನೀವು ಗದ್ದೆಯಲ್ಲಿರಿ, ಅವರು ಬರೆದುಕೊಳ್ಳುವ ಹಾನಿಯ ಪ್ರಮಾಣವನ್ನು ಓದಿಯೇ ಸಹಿ ಮಾಡಿ. ಖಾಲಿ ಹಾಳೆಗೆ ಸಹಿ ಬೇಡ. ಹಣದ ಲೆಕ್ಕ ಹಾನಿಯ ಪ್ರಮಾಣದ ಮೇಲೂ, ಅಲ್ಲಿಯವರೆಗೆ ಬೆಳೆಗೆ ಹಾಕಿದ ಖರ್ಚಿನ ಮೇಲೂ ನಿಲ್ಲುತ್ತದೆ. ನಾಟಿಯಾದ ಹದಿನೈದು ದಿನಕ್ಕೆ ಮುಳುಗಿದ ಗದ್ದೆಗೆ ತೆನೆ ತುಂಬಿದಾಗ ಮುಳುಗಿದಷ್ಟು ಬರುವುದಿಲ್ಲ. ಹಂಗಾಮಿನ ಕೊನೆಗೆ ಪಂಚಾಯಿತಿ ಲೆಕ್ಕದಲ್ಲಿ ಇದಕ್ಕಿಂತ ಹೆಚ್ಚು ಬರುವುದಾದರೆ ವ್ಯತ್ಯಾಸವನ್ನು ಕೊಡುತ್ತಾರೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ತಹಶೀಲ್ದಾರ್ ಕಚೇರಿಯಿಂದ ಬರುವ ‘ಬೆಳೆ ಪರಿಹಾರ’ ಬೇರೆ, ‘ಬೆಳೆ ವಿಮೆ’ ಬೇರೆ. ಪರಿಹಾರವು ವಿಪತ್ತು ನಿಧಿಯದು, ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದವರಿಗೆ, ಗರಿಷ್ಠ 2 ಹೆಕ್ಟೇರಿಗೆ. 2022ರಿಂದ ಜಾರಿಗೆ ಬಂದ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000 ರೂಪಾಯಿ. ಅದಕ್ಕೆ ರಾಜ್ಯ ಒಮ್ಮೊಮ್ಮೆ ತನ್ನ ಕಡೆಯಿಂದ ಸೇರಿಸುತ್ತದೆ. ಕಂದಾಯ ಇಲಾಖೆಯವರು ಬಂದು ಬರೆದುಕೊಂಡು ಹೋದರು ಎಂದು ವಿಮೆಗೆ ವರದಿ ಮಾಡದೆ ಕುಳಿತರೆ ವಿಮೆ ತಪ್ಪುತ್ತದೆ. ಎರಡಕ್ಕೂ ಬೇರೆ ಬೇರೆಯಾಗಿ ಹೇಳಬೇಕು, ಒಂದು ಬಂದರೆ ಇನ್ನೊಂದು ಇಲ್ಲ ಎಂಬುದೇನೂ ಇಲ್ಲ.

ಹೆಜ್ಜೆ 5: ಕೊಯ್ಲಿನ ವೇಳೆ

ಕೊಯ್ದ ಪೈರು ಗದ್ದೆಯಲ್ಲೇ ಒಣಗಲು ಹರಡಿರುವಾಗ ಅಥವಾ ಸಣ್ಣ ಸಿವುಡು ಕಟ್ಟಿರುವಾಗ, ಕೊಯ್ಲಿನಿಂದ 14 ದಿನದವರೆಗೆ, ಅಕಾಲಿಕ ಮಳೆ, ಚಂಡಮಾರುತದ ಮಳೆ ಅಥವಾ ಆಲಿಕಲ್ಲಿನಿಂದ ಹಾಳಾದರೆ ವಿಮೆ ಇದೆ; ಇಲ್ಲಿಯೂ 72 ಗಂಟೆಯ ನಿಯಮವೇ. ಆದರೆ ಈಗ ನಮ್ಮಲ್ಲಿ ಯಂತ್ರವೇ ಕೊಯ್ದು ಕಾಳು ಬೇರ್ಪಡಿಸಿ ಟ್ರ್ಯಾಲಿಗೆ ಸುರಿಯುತ್ತದೆ, ಒಣಗಿಸುವುದು ರಸ್ತೆಯ ಮೇಲೆ. ರಸ್ತೆಯಲ್ಲಿ ಹರಡಿದ ಕಾಳು ನೆನೆದರೆ ಈ ರಕ್ಷಣೆ ಸಿಗದು. ಯಂತ್ರದಿಂದ ಕೊಯ್ಯಿಸುವವರು ಈ ಬಾಗಿಲನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ತಾಡಪತ್ರಿಯನ್ನು ನೆಚ್ಚುವುದೇ ಸರಿ.

ಕೊಯ್ಲಿನ ಸಮಯದ ಇನ್ನೊಂದು ಕೆಲಸ ಇಡೀ ಊರಿನದು. ಪಂಚಾಯಿತಿಯ ಸರಾಸರಿ ಇಳುವರಿ ಎಲ್ಲಿಂದ ಬರುತ್ತದೆ ಎಂದರೆ ಬೆಳೆ ಕಟಾವು ಪ್ರಯೋಗದಿಂದ. ಮುಖ್ಯ ಬೆಳೆಗೆ ಪಂಚಾಯಿತಿಗೆ 4 ಗದ್ದೆಗಳನ್ನು ಚೀಟಿ ಎತ್ತಿದಂತೆ ಸರ್ವೆ ನಂಬರಿನಿಂದ ಆರಿಸಿ, ಅದರಲ್ಲಿ 5 ಮೀಟರ್ ಉದ್ದ 5 ಮೀಟರ್ ಅಗಲದ ತುಂಡನ್ನು ಅಳೆದು ಕೊಯ್ದು, ಬಡಿದು, ತೂಗುತ್ತಾರೆ. ನಾಲ್ಕು ಗದ್ದೆಯ ತೂಕ ನಾನೂರು ಕುಟುಂಬದ ವಿಮೆಯನ್ನು ತೀರ್ಮಾನಿಸುತ್ತದೆ. ಭತ್ತಕ್ಕೆ 2023ರ ಮುಂಗಾರಿನಿಂದ ಉಪಗ್ರಹ ಮತ್ತಿತರ ತಂತ್ರಜ್ಞಾನದಿಂದ ಅಂದಾಜಿಸಿದ ಇಳುವರಿಗೂ ಶೇ. 30ರಷ್ಟು ತೂಕ ಕೊಡುವ ಯೆಸ್‌-ಟೆಕ್ ಪದ್ಧತಿ ಬಂದಿದೆ, ಆದರೂ ದೊಡ್ಡ ಪಾಲು ಈ ಗದ್ದೆಗಳದ್ದೇ. ನಿಮ್ಮ ಪಂಚಾಯಿತಿಯಲ್ಲಿ ಯಾವ ಸರ್ವೆ ನಂಬರುಗಳು ಆಯ್ಕೆಯಾಗಿವೆ ಎಂದು ಗ್ರಾಮ ಆಡಳಿತ ಅಧಿಕಾರಿಯನ್ನೋ ಪಂಚಾಯಿತಿಯನ್ನೋ ಕೇಳಿ ತಿಳಿದುಕೊಳ್ಳಿ. ಆಯ್ಕೆಯಾದ ಗದ್ದೆಯವರು ಯಂತ್ರ ಊರಿಗೆ ಬಂತೆಂದು ಪ್ರಯೋಗಕ್ಕೆ ಮೊದಲೇ ಕೊಯ್ಯಿಸಿಬಿಡುವುದುಂಟು. ಅವರ ಕಷ್ಟವೂ ನಿಜ, ಯಂತ್ರ ಹೋದರೆ ಮತ್ತೆ ಸಿಗುವುದು ವಾರಕ್ಕೆ. ಆದ್ದರಿಂದ ಕೊಯ್ಲಿನ ದಿನವನ್ನು ಅಧಿಕಾರಿಗೆ ನಾಲ್ಕು ದಿನ ಮೊದಲೇ ತಿಳಿಸುವ ಹೊಣೆಯನ್ನು ಊರಿನ ಇಬ್ಬರು ಹೊತ್ತುಕೊಳ್ಳಲಿ. ಪ್ರಯೋಗದ ದಿನ ಹೋಗಿ ನಿಂತು ನೋಡಿ: ತುಂಡಿನ ಅಳತೆ ಸರಿಯಿದೆಯೇ, ತೂಕ ಎಷ್ಟು ಬಂತು, ಆ್ಯಪ್‌ನಲ್ಲಿ ಅದೇ ಸಂಖ್ಯೆ ಹೋಯಿತೇ. ತೂಕ ಕಡಿಮೆ ಬರೆಯಿರಿ ಎಂದು ಒತ್ತಾಯಿಸುವವರಿಗೂ ಒಂದು ಮಾತು: ಇಂದು ಕಡಿಮೆ ಬರೆಸಿದ ಇಳುವರಿ ಮುಂದಿನ ವರ್ಷಗಳ ಸರಾಸರಿಗೆ ಸೇರಿ ಹೊಸ್ತಿಲನ್ನೂ ತಗ್ಗಿಸಬಹುದು.

ಹೆಜ್ಜೆ 6: ಹಣ ಬಾರದಿದ್ದರೆ

ಮುಂಗಾರಿನ ವಿಮೆ ಹಣ ಹಂಗಾಮು ಮುಗಿದು ತಿಂಗಳುಗಳಾದ ಮೇಲೆ ಬರುತ್ತದೆ. ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ಅರ್ಜಿ ಸಂಖ್ಯೆಯನ್ನೋ ಮೊಬೈಲ್ ಸಂಖ್ಯೆಯನ್ನೋ ಕೊಟ್ಟು ಸ್ಥಿತಿಯನ್ನು ಆಗಾಗ ನೋಡುತ್ತಿರಿ. ತಿರಸ್ಕೃತ ಎಂದು ಬಂದರೆ ಕಾರಣವೂ ಅಲ್ಲೇ ಇರುತ್ತದೆ. ಬೆಳೆ ಹೊಂದಾಣಿಕೆಯಾಗಿಲ್ಲ ಎಂದಿದ್ದರೆ ಕೃಷಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಗೆ ಪಹಣಿ, ಭತ್ತ ಮಾರಿದ ರಸೀದಿ ಮತ್ತು ನಿಮ್ಮ ಚಿತ್ರಗಳೊಂದಿಗೆ ಆಕ್ಷೇಪಣೆ ಸಲ್ಲಿಸಿ. ಆಕ್ಷೇಪಣೆಗೆಂದು ನಿಗದಿಯಾದ ದಿನಗಳು ಕಡಿಮೆ ಇರುತ್ತವೆ. ಹಣ ಮಂಜೂರಾಗಿ ಖಾತೆಗೆ ಬಾರದಿದ್ದರೆ ಆಧಾರ್ ಜೋಡಣೆಯನ್ನು ಮೊದಲು ನೋಡಿ. ಬ್ಯಾಂಕ್ ಬೆಳೆ ಅಥವಾ ಖಾತೆಯನ್ನು ತಪ್ಪಾಗಿ ನಮೂದಿಸಿದ್ದರಿಂದ ಹಣ ತಪ್ಪಿದ್ದರೆ ಹೊಣೆ ಬ್ಯಾಂಕಿನದು ಎಂದು ಮಾರ್ಗಸೂಚಿ ಹೇಳುತ್ತದೆ, ಮುದ್ರೆ ಬಿದ್ದ ಆ ಸ್ವೀಕೃತಿ ಪ್ರತಿ ಕೆಲಸಕ್ಕೆ ಬರುವುದು ಆಗ. ಕೆಳಹಂತದಲ್ಲಿ ಉತ್ತರ ಸಿಗದಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಸಮಿತಿಗೆ ಬರೆಯಬಹುದು. ಒಬ್ಬೊಬ್ಬರೇ ಹೋಗುವುದಕ್ಕಿಂತ, ಒಂದೇ ಕಾರಣಕ್ಕೆ ತಿರಸ್ಕೃತರಾದ ಊರಿನ ಹತ್ತು ಮಂದಿ ಸರ್ವೆ ನಂಬರು ಮತ್ತು ಅರ್ಜಿ ಸಂಖ್ಯೆಗಳ ಒಂದೇ ಪಟ್ಟಿ ಮಾಡಿ ಸಹಿ ಹಾಕಿ ಕೊಟ್ಟರೆ ಕಡತ ಬೇಗ ಸರಿಯುತ್ತದೆ. ವಿಮಾ ಕಂಪನಿ ನಿಗದಿತ ಅವಧಿ ಮೀರಿ ತಡ ಮಾಡಿದರೆ ವರ್ಷಕ್ಕೆ ಶೇ. 12 ಬಡ್ಡಿ ಸೇರಿಸಿ ಕೊಡಬೇಕೆಂಬ ನಿಯಮವನ್ನೂ ಅರ್ಜಿಯಲ್ಲಿ ನೆನಪಿಸಿ.

ಈ ನಡುವೆ ನೀರಾವರಿ ಸಲಹಾ ಸಮಿತಿ ಎರಡನೇ ಬೆಳೆಗೆ ನೀರು ಕೊಡುವುದಾಗಿ ತೀರ್ಮಾನಿಸಿ, ನೀವು ಮತ್ತೆ ಭತ್ತ ನಾಟಿ ಮಾಡಿದರೆ, ಮುಂಗಾರಿನ ವಿಮೆ ಅದಕ್ಕೆ ಮುಂದುವರಿಯುವುದಿಲ್ಲ. ಬೇಸಿಗೆ ಭತ್ತಕ್ಕೆ ಅರ್ಜಿ ಬೇರೆ, ಕಂತು ಬೇರೆ, ಕೊನೆಯ ದಿನಾಂಕ ಬೇರೆ; ಬೆಳೆ ಸಮೀಕ್ಷೆಯೂ ಮತ್ತೊಮ್ಮೆ ಆಗಬೇಕು.